ಜರಡಿ ಹಿಡಿಯದೆ ಹಣ ಹಂಚಿದರೆ?

ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ ವರ್ಷಕ್ಕೊಮ್ಮೆ ಜಾತ್ರೆ ನೆರೆಯುತ್ತದೆ. ಕಪಿಲೆಯ ದಡದ ಆ ಊರಿನ ದಾಸೋಹದ ಒಲೆಗಳಿಗೆ ಆ ದಿನಗಳಲ್ಲಿ ಬಿಡುವೆಂಬುದೇ ಇರುವುದಿಲ್ಲ. ದನಗಳ ಪರಿಷೆಗೆ ಎತ್ತು ಹೊಡೆದುಕೊಂಡು ಬಂದ ರೈತ, ಕಾರಿನಲ್ಲಿ ಬಂದಿಳಿದ ಅಧಿಕಾರಿ, ವಸ್ತುಪ್ರದರ್ಶನ ನೋಡಲು ಬಂದ ಕಾಲೇಜು ಹುಡುಗರು, ಎಲ್ಲರಿಗೂ ಅಲ್ಲಿ ಊಟವುಂಟು. ಬಡಿಸುವವನು ‘ನಿನಗೆ ಜಮೀನು ಎಷ್ಟಿದೆ?’ ಎಂದು ಕೇಳುವುದಿಲ್ಲ. ಉಂಡವನು ಮಾರನೆಯ ದಿನ ಕೆಲಸಕ್ಕೆ ಹೋಗುತ್ತಾನೋ ಇಲ್ಲವೋ ಎಂಬುದೂ ಅವನಿಗೆ ಬೇಕಿಲ್ಲ. ಹಸಿವಾಗಿದೆ, ಬಂದಿದ್ದಾನೆ, ಅಷ್ಟೇ ಅರ್ಹತೆ.

ಅದೇ ತಾಲ್ಲೂಕಿನ ಯಾವುದಾದರೂ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತರೆ ಚಿತ್ರವೇ ಬೇರೆ. ಅಲ್ಲಿ ಕಾರ್ಡು ಬೇಕು, ಕಾರ್ಡಿನಲ್ಲಿ ಹೆಸರಿರಬೇಕು, ಹೆಸರಿಗೆ ಆಧಾರ್ ಜೋಡಣೆಯಾಗಿರಬೇಕು, ಕೊನೆಗೆ ಹೆಬ್ಬೆಟ್ಟು ಯಂತ್ರಕ್ಕೆ ಹಿಡಿಸಬೇಕು. ಜೀವಮಾನವಿಡೀ ಕಳೆ ಕಿತ್ತು ಬೆರಳಿನ ಗೆರೆ ಸವೆದುಹೋದ ಮುದುಕಿಯನ್ನು ಯಂತ್ರವು ಗುರುತಿಸದಿದ್ದರೆ ‘ನಾಳೆ ಬಾ ಅಜ್ಜಿ’ ಎಂಬ ಉತ್ತರ.

ಸರ್ಕಾರವು ತನ್ನ ಪ್ರಜೆಗಳಿಗೆ ಏನನ್ನಾದರೂ ಕೊಡುವಾಗ ದಾಸೋಹದ ಸಾಲಿನಂತೆ ಕೊಡಬೇಕೋ, ನ್ಯಾಯಬೆಲೆ ಅಂಗಡಿಯ ಸಾಲಿನಂತೆ ಕೊಡಬೇಕೋ? ಕೇಳಲು ಸರಳವಾಗಿರುವ ಈ ಪ್ರಶ್ನೆಯೇ ಅರ್ಥಶಾಸ್ತ್ರಜ್ಞರು ‘ಸಾರ್ವತ್ರಿಕ ಮೂಲ ಆದಾಯ’ ಎಂದು ಕರೆಯುವ ಚರ್ಚೆಯ ತಿರುಳು. ಪದವಿ ತರಗತಿಯ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಪ್ರಬಂಧದ ವಿಷಯ. ಅವರ ತಂದೆ ತಾಯಿಗಳಿಗೆ ಮಾತ್ರ ಇದು ತಿಂಗಳ ಲೆಕ್ಕದ ವಿಷಯ.

ಹಳೆಯ ಕನಸು

ಮೂಲ ಆದಾಯವೆಂದರೆ ದೇಶದ ಪ್ರತಿಯೊಬ್ಬ ವ್ಯಕ್ತಿಗೂ, ಬಡವ ಬಲ್ಲಿದನೆಂಬ ಭೇದವಿಲ್ಲದೆ, ಕೆಲಸದ ಷರತ್ತಿಲ್ಲದೆ, ಗೊತ್ತಾದ ಕಾಲಕ್ಕೆ, ಗೊತ್ತಾದ ಮೊತ್ತವನ್ನು ನಗದಾಗಿ ಕೊಡುವುದು. ಮನೆಗಲ್ಲ, ವ್ಯಕ್ತಿಗೆ. ಬಡವರಿಗಷ್ಟೇ ಅಲ್ಲ, ಎಲ್ಲರಿಗೆ. ಇದರಲ್ಲಿ ಒಂದು ಮಾತನ್ನು ತೆಗೆದರೂ ಅದು ಬೇರೆ ಯೋಜನೆಯಾಗುತ್ತದೆ.

ಕಲ್ಪನೆ ಹೊಸದಲ್ಲ. 1797ರಲ್ಲಿಯೇ ಥಾಮಸ್ ಪೇನ್ ಎಂಬಾತ ಒಂದು ಲೆಕ್ಕ ಮುಂದಿಟ್ಟಿದ್ದ. ಭೂಮಿ ಯಾರೂ ಸೃಷ್ಟಿಸಿದ್ದಲ್ಲ, ಅದು ಎಲ್ಲರದು. ಕೆಲವರು ಬೇಲಿ ಹಾಕಿಕೊಂಡ ಮೇಲೆ ಉಳಿದವರಿಗೆ ನಷ್ಟ ತುಂಬಿಕೊಡಬೇಕು. ಆದ್ದರಿಂದ 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ 15 ಪೌಂಡು, 50 ದಾಟಿದವರಿಗೆ ವರ್ಷಕ್ಕೆ 10 ಪೌಂಡು ಕೊಡಿ ಎಂದ. ಅಂದರೆ ಇದು ದಾನವಲ್ಲ, ಬಾಕಿ. ಅಮೆರಿಕದ ಅಲಾಸ್ಕಾ ರಾಜ್ಯ ಈ ತರ್ಕವನ್ನು ಎಣ್ಣೆ ಬಾವಿಗಳಿಗೆ ಅನ್ವಯಿಸಿತು. ನೆಲದಡಿಯ ಎಣ್ಣೆ ಎಲ್ಲರದೆಂದು ನಿಧಿ ಕಟ್ಟಿ, 1982ರಿಂದ ಮಕ್ಕಳೂ ಸೇರಿದಂತೆ ಅಲ್ಲಿನ ಪ್ರತಿ ನಿವಾಸಿಗೂ ವರ್ಷಕ್ಕೊಮ್ಮೆ ಪಾಲು ಹಂಚುತ್ತ ಬಂದಿದೆ. ಮೊದಲ ವರ್ಷದ ಪಾಲು ತಲೆಗೆ 1,000 ಡಾಲರ್. ತಿ. ನರಸೀಪುರದ ಸಂಗಮದಲ್ಲಿ ನಿಂತವರಿಗೆ ಇದನ್ನು ಓದುವಾಗ ಕಾವೇರಿ, ಕಪಿಲೆಯರ ಮರಳಿನ ನೆನಪಾದರೆ ಆಶ್ಚರ್ಯವಿಲ್ಲ. ಲಾರಿಗಟ್ಟಲೆ ಹೋದ ಆ ಮರಳಿನಲ್ಲಿ ದಡದ ಹಳ್ಳಿಯ ಕೂಲಿಯವನ ಪಾಲೆಷ್ಟು ಎಂದು ಕೇಳಿದವರು ಕಡಿಮೆ.

ಸೋಜಿಗವೆಂದರೆ, ಈ ಕಲ್ಪನೆಯ ಬೆಂಬಲಿಗರಲ್ಲಿ ಪರಸ್ಪರ ಮುಖ ನೋಡಲೊಲ್ಲದವರೆಲ್ಲ ಇದ್ದಾರೆ. ಮಾರುಕಟ್ಟೆಯೇ ಸರ್ವಸ್ವವೆಂದ ಮಿಲ್ಟನ್ ಫ್ರೀಡ್‌ಮನ್ 1962ರಲ್ಲಿ ಇದರ ಹತ್ತಿರದ ರೂಪವೊಂದನ್ನು ಮುಂದಿಟ್ಟರು. ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ 1967ರಲ್ಲಿ ಖಾತರಿ ಆದಾಯ ಬೇಕೆಂದರು. ಮೊದಲಿನವರಿಗೆ ಇದು ಸರ್ಕಾರದ ಇಲಾಖೆಗಳನ್ನು ಮುಚ್ಚುವ ಉಪಾಯ, ಎರಡನೆಯವರಿಗೆ ಬಡತನವನ್ನು ಮುಗಿಸುವ ಉಪಾಯ. ಒಂದೇ ಔಷಧವನ್ನು ಇಬ್ಬರು ವೈದ್ಯರು ಬೇರೆ ಬೇರೆ ಕಾಯಿಲೆಗೆ ಬರೆದುಕೊಟ್ಟರೆ ರೋಗಿಯು ಎಚ್ಚರದಿಂದಿರುವುದು ಮೇಲು.

ಭಾರತದಲ್ಲಿ ಈ ಮಾತು ಅಧಿಕೃತವಾಗಿ ಬಂದದ್ದು 2017ರ ಜನವರಿ 31ರಂದು. ಆಗಿನ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ ಸುಬ್ರಮಣಿಯನ್ ಸಿದ್ಧಪಡಿಸಿದ ಆರ್ಥಿಕ ಸಮೀಕ್ಷೆಯಲ್ಲಿ ಇದಕ್ಕಾಗಿಯೇ ಒಂದು ಅಧ್ಯಾಯವಿತ್ತು. ಅದರ ಲೆಕ್ಕ ವ್ಯಕ್ತಿಗೆ ವರ್ಷಕ್ಕೆ 7,620 ರೂಪಾಯಿ, ಅಂದರೆ ತಿಂಗಳಿಗೆ 635. ಜನಸಂಖ್ಯೆಯ ಮುಕ್ಕಾಲು ಪಾಲಿಗೆ ಕೊಟ್ಟರೂ ಒಟ್ಟು ದೇಶೀಯ ಉತ್ಪನ್ನದ ಶೇ 4.9ರಷ್ಟು ಖರ್ಚು. ‘ಸಾರ್ವತ್ರಿಕ’ ಎಂಬುದು ಹುಟ್ಟುವಾಗಲೇ ಮುಕ್ಕಾಲಿಗೆ ಇಳಿದಿತ್ತೆಂಬುದನ್ನು ಗಮನಿಸಬೇಕು. ಆ ಅಧ್ಯಾಯ ಚರ್ಚೆಗೆ ಒದಗಿತು, ಜಾರಿಗೆ ಬರಲಿಲ್ಲ.

ಮೈಸೂರಿನಲ್ಲಿ ಆರಂಭ

ಜಾರಿಗೆ ಬಂದದ್ದು ಅದರ ನೆಂಟರಂಥ ಬೇರೆ ಯೋಜನೆಗಳು. 2019ರಲ್ಲಿ ಕೇಂದ್ರ ಸರ್ಕಾರದ ಪಿಎಂ ಕಿಸಾನ್ ಬಂತು: ಜಮೀನುಳ್ಳ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ಮೂರು ಕಂತಿನಲ್ಲಿ. ಆಮೇಲೆ ಬಂಗಾಳ, ಮಧ್ಯಪ್ರದೇಶ, ತಮಿಳುನಾಡುಗಳಲ್ಲಿ ಹೆಂಗಸರ ಖಾತೆಗೆ ತಿಂಗಳ ಹಣ ಹಾಕುವ ಯೋಜನೆಗಳು ಸಾಲಾಗಿ ಬಂದವು. ಕರ್ನಾಟಕದ ‘ಗೃಹಲಕ್ಷ್ಮಿ’ಗೆ ಚಾಲನೆ ಸಿಕ್ಕಿದ್ದು 2023ರ ಆಗಸ್ಟ್ 30ರಂದು, ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ. ಆ ವರ್ಷ ಎರಡನೆಯ ಬಾರಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಗೆದ್ದು ಬಂದದ್ದು ವರುಣಾ ಕ್ಷೇತ್ರದಿಂದ. ಆ ಕ್ಷೇತ್ರದಲ್ಲಿ ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕುಗಳ ಹಳ್ಳಿಗಳಿವೆ. ಹೀಗಾಗಿ ಈ ಭಾಗದ ಜನರಿಗೆ ಯೋಜನೆಯೊಂದಿಗೆ ಒಂದು ಬಗೆಯ ಊರಿನ ನಂಟೂ ಉಂಟು.

ಗೃಹಲಕ್ಷ್ಮಿಯ ನಿಯಮ ಸರಳ. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ನಮೂದಾದ ಹೆಂಗಸಿನ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಬಿಪಿಎಲ್, ಅಂತ್ಯೋದಯದವರಿಗೆ ಮಾತ್ರವಲ್ಲ, ಎಪಿಎಲ್ ಚೀಟಿಯವರಿಗೂ ಉಂಟು. ಆಕೆ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಇಲ್ಲ. ಹಣವನ್ನು ಯಾವುದಕ್ಕೆ ಖರ್ಚು ಮಾಡಿದಿರಿ ಎಂದು ಕೇಳುವವರಿಲ್ಲ. ಸುಮಾರು 1.2 ಕೋಟಿ ಮನೆಗಳಿಗೆ ಇದು ತಲುಪುತ್ತಿದೆ ಎಂದರೆ, ಜರಡಿಯ ಕಣ್ಣು ಎಷ್ಟು ಅಗಲವೆಂದು ತಿಳಿಯುತ್ತದೆ. ಮೂಲ ಆದಾಯದ ಆರು ಮಾತುಗಳಲ್ಲಿ ನಾಲ್ಕನ್ನಾದರೂ ಇದು ಪಾಲಿಸುತ್ತದೆ. ಪಾಲಿಸದೆ ಬಿಟ್ಟ ಎರಡು, ವ್ಯಕ್ತಿಗೆ ಕೊಡಬೇಕೆಂಬುದು ಮತ್ತು ಗೊತ್ತಾದ ಕಾಲಕ್ಕೆ ಕೊಡಬೇಕೆಂಬುದು. ತೊಡಕು ಇರುವುದೂ ಅಲ್ಲಿಯೇ.

ಐದು ಜನರ ಒಂದು ಮನೆ

ತಿ. ನರಸೀಪುರ ತಾಲ್ಲೂಕಿನ ನಾಲೆ ಬಯಲಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ವಯಸ್ಸಾದ ತಾಯಿ, ಮಗ, ಸೊಸೆ, ಡಿಗ್ರಿ ಓದುವ ಮೊಮ್ಮಗಳು, ಪಿಯುಸಿಯ ಮೊಮ್ಮಗ. ಮಗ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ. ಗುತ್ತಿಗೆದಾರ ಕರೆದ ದಿನ ಸಂಬಳ, ಕರೆಯದ ದಿನ ಇಲ್ಲ. ಸೊಸೆ ನಾಟಿ, ಕಳೆ, ಹಿಪ್ಪುನೇರಳೆ ಸೊಪ್ಪು ಬಿಡಿಸುವ ಕೂಲಿ. ಅರ್ಧ ಎಕರೆ ಜಮೀನಿದೆ, ಆದರೆ ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿ. ಪೌತಿ ಖಾತೆ ಆಗಿಲ್ಲ. ಇಂಥ ಮನೆ ಈ ಎರಡು ತಾಲ್ಲೂಕುಗಳಲ್ಲಿ ಹುಡುಕಬೇಕಾದ್ದಿಲ್ಲ, ಪ್ರತಿ ಬೀದಿಯಲ್ಲೂ ಸಿಗುತ್ತದೆ.

ಪಿಎಂ ಕಿಸಾನ್ ಈ ಮನೆಗೆ ಬರಲಿಲ್ಲ. ಖಾತೆ ಇಲ್ಲದವನು ಸರ್ಕಾರದ ಕಣ್ಣಿಗೆ ರೈತನಲ್ಲ. ಪಕ್ಕದ ಮನೆಯವನು ಬೇರೆಯವರ ಜಮೀನನ್ನು ವಾರಕ್ಕೆ ಮಾಡುತ್ತಾನೆ. ಬೆವರು ಅವನದು, ಪಹಣಿ ಮೈಸೂರಿನಲ್ಲಿರುವ ಒಡೆಯನದು, ಕಂತು ಹೋಗುವುದೂ ಅಲ್ಲಿಗೇ. ಜರಡಿಯನ್ನು ಯಾರೂ ದುರುದ್ದೇಶದಿಂದ ಹಿಡಿದದ್ದಲ್ಲ. ಆದರೂ ಯಾರಿಗೆ ಹೆಚ್ಚು ಬೇಕಿತ್ತೋ ಅವರೇ ಕೆಳಗೆ ಉದುರಿದರು. ಜಮೀನೇ ಇಲ್ಲದ ಕೂಲಿಯವರ ಮಾತಂತೂ ಬೇರೆಯೇ. ಅವರನ್ನು ಜರಡಿಗೇ ಹಾಕಲಿಲ್ಲ.

ಗೃಹಲಕ್ಷ್ಮಿ ಬಂತು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯ ಹಿರಿಯ ಹೆಂಗಸೇ ಪಡಿತರ ಚೀಟಿಯ ಯಜಮಾನಿ. ಅಂದರೆ ಹಣ ಅತ್ತೆಯ ಖಾತೆಗೆ. ಇದು ಮನೆಮನೆಯ ಮಾತಾಗಿ, ಅತ್ತೆಗೋ ಸೊಸೆಗೋ ಎಂಬ ವಾದ 2023ರಲ್ಲಿ ಪತ್ರಿಕೆಗಳಲ್ಲೂ ಓಡಾಡಿತು. ಕೊನೆಗೆ ಮಂತ್ರಿಗಳೇ ಅತ್ತೆಗೆ ಎಂದು ಸ್ಪಷ್ಟಪಡಿಸಬೇಕಾಯಿತು. ನಗುವ ವಿಷಯವೆಂದು ಅನೇಕರು ನಕ್ಕರು. ಮೂಲ ಆದಾಯದವರು ‘ಮನೆಗಲ್ಲ, ವ್ಯಕ್ತಿಗೆ’ ಎಂದು ಯಾಕೆ ಹಟ ಹಿಡಿಯುತ್ತಾರೆಂಬುದನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ಉದಾಹರಣೆ ಯಾವ ಪಠ್ಯಪುಸ್ತಕದಲ್ಲೂ ಸಿಗದು. ಒಂದು ಮನೆಯಲ್ಲಿ ಅತ್ತೆ ‘ತಕ್ಕೊ ಮಗ, ಹುಡುಗಿ ಫೀಸಿಗೆ ಇಟ್ಕೊ’ ಎಂದು ಸೊಸೆಯ ಕೈಗೆ ಕೊಟ್ಟಾಳು. ಇನ್ನೊಂದು ಮನೆಯಲ್ಲಿ ಎಲೆಯಡಿಕೆ ಚೀಲದೊಳಗೆ ಸೇರಿದ್ದು ಹೊರಬರಲಿಕ್ಕಿಲ್ಲ. ಹಾಗೆಂದು ಅತ್ತೆಯನ್ನು ದೂರುವಂತೆಯೂ ಇಲ್ಲ. ಎಪ್ಪತ್ತು ವರ್ಷಗಳಲ್ಲಿ ತನ್ನದೆಂದು ಹೇಳಿಕೊಳ್ಳುವ ದುಡ್ಡು ಅವಳ ಹೆಸರಿಗೆ ಬಂದದ್ದು ಅದೇ ಮೊದಲಿರಬಹುದು. ಕನ್ನಡಕಕ್ಕೆ, ಮಂಡಿ ನೋವಿನ ಮಾತ್ರೆಗೆ ಮಗನ ಮುಂದೆ ಕೈಚಾಚದಿರುವುದೂ ಒಂದು ಲಾಭವೇ.

ಅಕ್ಕಿಯೋ, ಕಾಸೋ?

2023ರಲ್ಲಿಯೇ ಕರ್ನಾಟಕದಲ್ಲಿ, ಯಾರೂ ಯೋಜಿಸದಿದ್ದರೂ, ಇನ್ನೊಂದು ಪ್ರಯೋಗ ನಡೆದುಹೋಯಿತು. ಅನ್ನಭಾಗ್ಯದಲ್ಲಿ ಕೇಂದ್ರದ 5 ಕಿಲೊ ಜೊತೆಗೆ ರಾಜ್ಯವು ಇನ್ನೂ 5 ಕಿಲೊ ಅಕ್ಕಿ ಕೊಡುವುದಾಗಿ ಹೇಳಿತ್ತು. ಕೇಂದ್ರದ ದಾಸ್ತಾನಿನಿಂದ ರಾಜ್ಯಗಳಿಗೆ ಅಕ್ಕಿ ಮಾರುವುದು ನಿಂತದ್ದರಿಂದ ಅಕ್ಕಿ ಹೊಂದಿಸಲಾಗಲಿಲ್ಲ. ಆಗ ಕಿಲೊಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಹಾಕತೊಡಗಿದರು. ಜುಲೈಯಲ್ಲಿ ಶುರುವಾದ ಈ ನಗದು ಒಂದೂವರೆ ವರ್ಷ ನಡೆಯಿತು. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿಯ ಹಾದಿ ಹಿಡಿಯಿತು.

ಕಲ್ಪಿಸಿಕೊಂಡ ಐದು ಜನರ ಮನೆಗೆ ಈ ಲೆಕ್ಕದಲ್ಲಿ ತಿಂಗಳಿಗೆ 850 ರೂಪಾಯಿ. ಗೃಹಲಕ್ಷ್ಮಿಯ 2,000 ಸೇರಿದರೆ 2,850. ಆರ್ಥಿಕ ಸಮೀಕ್ಷೆಯ ತಲೆಗೆ 635 ರೂಪಾಯಿಯನ್ನು ಐದರಿಂದ ಗುಣಿಸಿದರೆ 3,175. ಆ ಹೊತ್ತಿಗೆ ಏಳು ವರ್ಷಗಳ ಬೆಲೆಯೇರಿಕೆ ಆಗಿತ್ತೆಂಬುದನ್ನು ಬದಿಗಿಟ್ಟರೆ, ದೆಹಲಿಯ ಪುಸ್ತಕದಲ್ಲಿ ಉಳಿದುಹೋದ ಅಂಕಿಯ ಹತ್ತಿರಕ್ಕೆ ನಾಲೆ ಬಯಲಿನ ಮನೆಯೊಂದು ಸದ್ದಿಲ್ಲದೆ ಬಂದು ನಿಂತಿತ್ತು.

ಹಾಗಾದರೆ ನಗದು ಮೇಲೋ, ಅಕ್ಕಿ ಮೇಲೋ? ನಗದಿನ ಪರ ಹೇಳುವ ಮಾತು ಗಟ್ಟಿಯಾದದ್ದೇ. ಮೈಸೂರು ಸೀಮೆಯ ಮನೆಗೆ ಬರಿಯ ಅಕ್ಕಿ ಸಾಲದು. ರಾಗಿ ಬೇಕು, ಹುರುಳಿ, ಅವರೆ ಬೇಕು, ಮಕ್ಕಳಿಗೆ ಮೊಟ್ಟೆ ಬೇಕು. ಹೆಚ್ಚಾದ ಅಕ್ಕಿ ಕದ್ದುಮುಚ್ಚಿ ಕಡಿಮೆ ಬೆಲೆಗೆ ಮಾರಾಟವಾಗುವುದನ್ನು ಎಲ್ಲರೂ ಬಲ್ಲರು. ಕಾಸು ಕೊಟ್ಟರೆ ಮನೆಯವಳು ತನಗೆ ಬೇಕಾದದ್ದನ್ನು ತರುತ್ತಾಳೆ, ನಡುವಿನವನಿಗೆ ಕೆಲಸವಿಲ್ಲ.

ಆದರೆ 34 ರೂಪಾಯಿಗೆ ಪೇಟೆಯ ಅಂಗಡಿಯಲ್ಲಿ ಸೋನಾ ಮಸೂರಿ ಸಿಗುತ್ತಿರಲಿಲ್ಲ. ಐದು ಕಿಲೊದ ಬೆಲೆ ಎಂದು ಬಂದ 170 ರೂಪಾಯಿ ಅಂಗಡಿಯ ತಕ್ಕಡಿಯಲ್ಲಿ ಐದು ಕಿಲೊ ತೂಗಲಿಲ್ಲ. ಅಕ್ಕಿ ಕೊಡುವಾಗ ಬೆಲೆ ಏರಿದರೆ ಹೊರೆ ಸರ್ಕಾರದ್ದು; ನಗದು ಕೊಡುವಾಗ ಬೆಲೆ ಏರಿದರೆ ಹೊರೆ ಮನೆಯವಳದು. ಮೊತ್ತವನ್ನು ಬೆಲೆಗೆ ತಕ್ಕಂತೆ ಏರಿಸುವ ನಿಯಮವಿಲ್ಲದ ಯಾವ ನಗದು ಯೋಜನೆಯೂ ವರ್ಷದಿಂದ ವರ್ಷಕ್ಕೆ ಕರಗುವ ಮಂಜುಗಡ್ಡೆ. ಇನ್ನೂ ಒಂದು ಮಾತಿದೆ. ಅಕ್ಕಿ ಮೂಟೆ ಮನೆಗೆ ಬಂದರೆ ಅದು ಅನ್ನವೇ ಆಗುತ್ತದೆ. ಕಾಸು ಬಂದರೆ ಸ್ವಸಹಾಯ ಸಂಘದ ಕಂತು, ಸಾಲ ಕೊಟ್ಟವನ ಬಡ್ಡಿ ಮೊದಲು ಬಂದು ಬಾಗಿಲಲ್ಲಿ ನಿಲ್ಲುತ್ತವೆ.

ಪಡಿತರವನ್ನು ಕಿತ್ತು ಅದರ ಬದಲು ನಗದು ಕೊಡುವುದನ್ನು ಜ್ಯಾನ್ ಡ್ರೇಜ್‌ರಂಥ ಅರ್ಥಶಾಸ್ತ್ರಜ್ಞರು ಒಪ್ಪದಿರುವುದು ಇಂಥ ಕಾರಣಗಳಿಂದಲೇ. ಆ ಆಕ್ಷೇಪಣೆಯಲ್ಲಿ ಸತ್ಯವಿದೆ. ಕಾಸು ಅಕ್ಕಿಯ ಜೊತೆಗೆ ಬಂದಾಗ ಮನೆ ಹಗುರವಾಗುತ್ತದೆ, ಅಕ್ಕಿಯ ಬದಲಿಗೆ ಬಂದಾಗ ಮನೆ ತಕ್ಕಡಿಯ ಮುಂದೆ ನಿಲ್ಲುತ್ತದೆ.

‘ಆಳು ಸಿಗೋದಿಲ್ಲ’

ಎರಡು ಸಾವಿರದ ಮಾತು ಬಂದಾಗಲೆಲ್ಲ ಹೋಟೆಲಿನ ಕಾಫಿ ಮೇಜಿನಿಂದ ಹಿಡಿದು ಜಗಲಿಯವರೆಗೆ ಕೇಳಿಬರುವ ದೂರು ಒಂದೇ: ಜನ ಸೋಮಾರಿಗಳಾದರು, ನಾಟಿಗೆ ಆಳು ಸಿಗುವುದಿಲ್ಲ.

ಲೆಕ್ಕ ಹಾಕಿ ನೋಡಬಹುದು. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಎರಡು ಸಾವಿರವೆಂದರೆ ಐದೂವರೆ ದಿನದ ಕೂಲಿ. ತಿಂಗಳಲ್ಲಿ ಐದೂವರೆ ದಿನದ ಕೂಲಿ ಕೈಗೆ ಬಂದರೆ ಉಳಿದ ಇಪ್ಪತ್ತನಾಲ್ಕು ದಿನ ಕಾಲು ಚಾಚಿ ಮಲಗುವ ಕುಟುಂಬ ಯಾವುದು? ಐದು ಜನರಿಗೆ ಹಂಚಿದರೆ ದಿನಕ್ಕೆ ತಲಾ ಹದಿಮೂರು ರೂಪಾಯಿ ಚಿಲ್ಲರೆ. ಇದಕ್ಕೆ ಸೋಮಾರಿತನ ಕೊಳ್ಳಲು ಬರುವುದಿಲ್ಲ.

ಆದರೆ ಒಂದು ಬದಲಾವಣೆ ಆಗುವುದು ಸಾಧ್ಯ, ಅದನ್ನು ಮುಚ್ಚಿಡಬೇಕಾದ್ದಿಲ್ಲ. ಜ್ವರವಿದ್ದ ದಿನ ನಾಟಿಗೆ ಬರುವುದಿಲ್ಲ ಎನ್ನುವ ಧೈರ್ಯ ಬರುತ್ತದೆ. ಕೂಲಿ ಕಡಿಮೆಯಾಯಿತು ಎಂದು ಹೇಳುವ ನಾಲಿಗೆ ಬರುತ್ತದೆ. ಜಮೀನ್ದಾರರಿಗೆ ಇದು ‘ಆಳು ಸಿಗೋದಿಲ್ಲ’ ಎಂದು ಕೇಳಿಸಿದರೆ ತಪ್ಪು ಕಿವಿಯದಲ್ಲ.

ಪ್ರಯೋಗಗಳೂ ಇದನ್ನೇ ಹೇಳುತ್ತವೆ. ಸ್ವಉದ್ಯೋಗಿ ಮಹಿಳೆಯರ ಸಂಘಟನೆ ‘ಸೇವಾ’, ಯುನಿಸೆಫ್ ನೆರವಿನಿಂದ ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ 2011–12ರ ಸುಮಾರಿಗೆ ಪ್ರತಿ ವಯಸ್ಕರಿಗೂ ತಿಂಗಳಿಗೆ 200 ರೂಪಾಯಿ, ಮಕ್ಕಳ ಪಾಲಿಗೆ 100 ರೂಪಾಯಿಯಂತೆ ಷರತ್ತಿಲ್ಲದೆ ಕೊಟ್ಟು ನೋಡಿತು; ಆಮೇಲೆ 300, 150ಕ್ಕೆ ಏರಿಸಿತು. ಹಣ ಬಂದ ಹಳ್ಳಿಗಳಲ್ಲಿ ಕುಡಿತದ ಖರ್ಚು ಹೆಚ್ಚಲಿಲ್ಲ. ಮಕ್ಕಳ ಶಾಲೆಯ ಖರ್ಚು, ಹಾಜರಾತಿ ಹೆಚ್ಚಿತು. ಕೂಲಿ ಬಿಟ್ಟು ಸ್ವಂತ ಹೊಲ, ಸ್ವಂತ ಕಸುಬಿನತ್ತ ಕೆಲವರು ಹೊರಳಿದರು. ಕೆನಡಾದ ಡಾಫಿನ್ ಎಂಬ ಸಣ್ಣ ಪಟ್ಟಣದಲ್ಲಿ 1970ರ ದಶಕದಲ್ಲಿ ಇಂಥದೇ ಪ್ರಯೋಗ ನಡೆದು, ಸರ್ಕಾರ ಬದಲಾದಾಗ ಕಡತಗಳು ಪೆಟ್ಟಿಗೆ ಸೇರಿ ಗೋದಾಮಿನಲ್ಲಿ ಬಿದ್ದಿದ್ದವು. ಎವೆಲಿನ್ ಫೋರ್ಜೆ ಎಂಬ ಅರ್ಥಶಾಸ್ತ್ರಜ್ಞೆ ದಶಕಗಳ ನಂತರ ಆ ಊರಿನ ದಾಖಲೆಗಳನ್ನು ತಡಕಿದಾಗ ಕಂಡದ್ದು: ಆ ವರ್ಷಗಳಲ್ಲಿ ಆಸ್ಪತ್ರೆ ಸೇರುವವರು ಶೇ 8.5ರಷ್ಟು ಕಡಿಮೆಯಾಗಿದ್ದರು, ಶಾಲೆಯ ಕೊನೆಯ ವರ್ಷದವರೆಗೆ ಓದು ಮುಂದುವರಿಸಿದ ಮಕ್ಕಳು ಹೆಚ್ಚಿದ್ದರು. ಮನೆಯಲ್ಲಿ ದುಡ್ಡಿಗೆ ತತ್ವಾರವಾದಾಗ ಮೊದಲು ಶಾಲೆ ಬಿಡುವವನು ಹದಿನೇಳರ ಹುಡುಗ. ಕೆನಡಾದಲ್ಲೂ ಅಷ್ಟೇ, ಕಪಿಲೆಯ ದಡದಲ್ಲೂ ಅಷ್ಟೇ.

ಬೊಕ್ಕಸದ ಲೆಕ್ಕ

ಎಲ್ಲವೂ ಸರಿ, ಹಣ ಎಲ್ಲಿಂದ? ಗೃಹಲಕ್ಷ್ಮಿಗೆ 2025–26ರ ಬಜೆಟ್‌ನಲ್ಲಿ ಇಟ್ಟದ್ದು 28,608 ಕೋಟಿ ರೂಪಾಯಿ. ರಾಜ್ಯದ ಒಟ್ಟು ಬಜೆಟ್ 4.09 ಲಕ್ಷ ಕೋಟಿ. ಅಂದರೆ ನೂರಕ್ಕೆ ಏಳು ರೂಪಾಯಿ. ಶಿಕ್ಷಣಕ್ಕೆ ಇಟ್ಟದ್ದು 45 ಸಾವಿರ ಕೋಟಿಗೂ ಹೆಚ್ಚು.

ಇದೇ 28,608 ಕೋಟಿಯನ್ನು 2011ರ ಜನಗಣತಿಯ 6.11 ಕೋಟಿ ಜನರಿಗೆ ತಲೆಗೆ ಸಮನಾಗಿ ಹಂಚಿದರೆ ಎಷ್ಟಾಗುತ್ತದೆ? ತಿಂಗಳಿಗೆ ಸುಮಾರು 390 ರೂಪಾಯಿ. ಐದು ಜನರ ಮನೆಗೆ 1,950. ಬಹುತೇಕ ಈಗಿನಷ್ಟೇ! ಆದರೆ ಆಗ ಅತ್ತೆಗೆ 390, ಸೊಸೆಗೆ 390, ಮಗಳ ಹೆಸರಿನಲ್ಲೂ 390. ಏಳು ಜನರ ಮನೆಗೆ 2,730 ಬರುತ್ತದೆ. ಒಬ್ಬಂಟಿಯಾಗಿರುವ ವಿಧವೆಗೆ ಮಾತ್ರ ಎರಡು ಸಾವಿರ ಹೋಗಿ 390 ಉಳಿಯುತ್ತದೆ. ಸಮಪಾಲು ಎನ್ನುವುದು ಯಾವಾಗಲೂ ನ್ಯಾಯವಾಗುವುದಿಲ್ಲ ಎಂಬುದಕ್ಕೆ ಆ ವಿಧವೆಯೇ ಸಾಕ್ಷಿ. ಅವಳಿಗೆ ಪಿಂಚಣಿ ಬೇರೆ ಇರಲೇಬೇಕಾಗುತ್ತದೆ.

ತಲೆಗೆ 390ರ ಬದಲು ಎರಡು ಸಾವಿರವನ್ನೇ ಕೊಡುತ್ತೇವೆಂದರೆ ವರ್ಷಕ್ಕೆ 1.46 ಲಕ್ಷ ಕೋಟಿ ಬೇಕು. ಬಜೆಟ್‌ನ ಮೂರರಲ್ಲೊಂದು ಪಾಲಿಗಿಂತ ಹೆಚ್ಚು. ಆಗ ಶಾಲೆ, ಆಸ್ಪತ್ರೆ, ಬಸ್ಸು, ನಾಲೆ, ಎಲ್ಲದರ ಮೇಲೂ ಕತ್ತರಿ ಆಡಬೇಕು. ಮಾರುಕಟ್ಟೆಯ ಪಕ್ಷದವರು ‘ಆಡಲಿ’ ಎನ್ನುತ್ತಾರೆ: ಕಾಸು ಕೈಗೆ ಕೊಟ್ಟ ಮೇಲೆ ಶಾಲೆಯನ್ನು ಖಾಸಗಿಯವರಿಂದ ಕೊಂಡುಕೊಳ್ಳಲಿ, ವೈದ್ಯನನ್ನು ಕೊಂಡುಕೊಳ್ಳಲಿ. ತಿಂಗಳಿಗೆ ಎರಡು ಸಾವಿರದಲ್ಲಿ ಎಂಥ ಶಾಲೆ, ಎಂಥ ವೈದ್ಯ ಸಿಗುತ್ತಾನೆಂಬುದನ್ನು ಪೋಷಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸೇವೆಯ ಸ್ಥಾನವನ್ನು ಹಣ ತುಂಬದೆಂಬುದಕ್ಕೆ ಬಸ್ಸೇ ಉದಾಹರಣೆ. 2023ರ ಜೂನ್ 11ರಿಂದ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ತಿ. ನರಸೀಪುರದ ಹುಡುಗಿ ಮೈಸೂರಿನ ಕಾಲೇಜಿಗೆ ಖರ್ಚಿಲ್ಲದೆ ಹೋಗಿ ಬರುತ್ತಾಳೆ. ಓದಿನ ದೃಷ್ಟಿಯಿಂದ ಇದು ಸಣ್ಣ ಸಂಗತಿಯಲ್ಲ. ‘ದೂರ ಆಯ್ತು, ಬೇಡ’ ಎನ್ನುವ ಮಾತಿನ ಅರ್ಧ ಬಲ ಟಿಕೆಟ್ಟಿನಲ್ಲಿರುತ್ತದೆ. ಆದರೆ ಬೆಳಗಿನ ಬಸ್ಸು ತುಂಬಿ, ನಿಲ್ಲಿಸದೆ ಹೋದರೆ, ಆ ಹಳ್ಳಿಗೆ ಬರುವ ಮುಂದಿನ ಬಸ್ಸು ಹತ್ತಕ್ಕಾದರೆ, ಉಚಿತವೆಂಬುದಕ್ಕೆ ಏನು ಬೆಲೆ? ಟಿಕೆಟ್ಟಿನ ಹಣವನ್ನೇ ಕೈಗೆ ಕೊಟ್ಟಿದ್ದರೂ ಇಲ್ಲದ ಬಸ್ಸನ್ನು ಹತ್ತಲಾಗುತ್ತಿರಲಿಲ್ಲ.

ಇನ್ನು ಗೊತ್ತಾದ ಕಾಲಕ್ಕೆ ಎಂಬ ಮಾತು. ಗೃಹಲಕ್ಷ್ಮಿಯ ಕಂತು ತಿಂಗಳುಗಟ್ಟಲೆ ತಡವಾದದ್ದುಂಟು, ಆಮೇಲೆ ಒಟ್ಟಿಗೆ ಬಂದದ್ದುಂಟು. ಖಜಾನೆಯ ಪುಸ್ತಕದಲ್ಲಿ ಎರಡೂ ಒಂದೇ. ಮನೆಯಲ್ಲಿ ಒಂದೇ ಅಲ್ಲ. ಜೂನ್ ತಿಂಗಳಲ್ಲಿ ಬಾರದ ಹಣವನ್ನು ಸಾಲ ತಂದು ತುಂಬಿಸಬೇಕು. ಸೆಪ್ಟೆಂಬರಿನಲ್ಲಿ ಬಂದ ಹಣ ಆ ಸಾಲದ ಬಡ್ಡಿಗೆ ಹೋಗುತ್ತದೆ. ಸಂಬಳದಂತೆ ಬಂದರೆ ಮಾತ್ರ ಅದು ಆದಾಯ. ಯಾವಾಗಲೋ ಬಂದರೆ ಅದು ಹಬ್ಬದ ಇನಾಮು.

ಓದಿದ ಮಗಳ ಮುಂದಿನ ಅರ್ಜಿ

ಪದವಿ ಮುಗಿಸುವ ವಿದ್ಯಾರ್ಥಿಗಳಿಗೆ ಈ ಚರ್ಚೆ ನೇರವಾಗಿ ತಾಗುವುದು ‘ಯುವನಿಧಿ’ಯಲ್ಲಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಯೋಜನೆ, ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ ಗೊತ್ತುಮಾಡಿತು. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಕ್ಕಿರಬಾರದು. ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕಿದರೆ ಹಣ ನಿಲ್ಲುತ್ತದೆ. ಮುಂದಿನ ಓದಿಗೆ ಸೇರಿದರೂ ಇಲ್ಲ. ತನಗೆ ಕೆಲಸವಿಲ್ಲ, ತಾನು ಓದುತ್ತಲೂ ಇಲ್ಲ ಎಂದು ಆಗಾಗ ಘೋಷಣೆ ಸಲ್ಲಿಸುತ್ತಿರಬೇಕು.

ಮೂಲ ಆದಾಯಕ್ಕೂ ಇದಕ್ಕೂ ಇರುವ ಅಂತರವನ್ನು ಇಲ್ಲಿ ಕಣ್ಣಾರೆ ನೋಡಬಹುದು. ಫಿನ್ಲೆಂಡ್ ದೇಶ 2017, 2018ರಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೊ ಕೊಟ್ಟು ನೋಡಿತು. ಅಲ್ಲಿನ ನಿಯಮ ತಲೆಕೆಳಗು: ಕೆಲಸ ಸಿಕ್ಕರೂ ಹಣ ನಿಲ್ಲುವುದಿಲ್ಲ. ಉದ್ಯೋಗ ಹೆಚ್ಚಿದ್ದು ಅಲ್ಪವೇ, ಆದರೆ ಕಡಿಮೆಯಂತೂ ಆಗಲಿಲ್ಲ. ಹಣ ಪಡೆದವರ ಮನಸ್ಸಿನ ನೆಮ್ಮದಿ ಮಾತ್ರ ಉಳಿದವರಿಗಿಂತ ಚೆನ್ನಾಗಿತ್ತು. ‘ಕೆಲಸಕ್ಕೆ ಹೋದರೆ ಕಳೆದುಕೊಳ್ಳುತ್ತೀಯೆ’ ಎನ್ನುವ ಹಣ ಒಂದು ಬಗೆಯದು, ‘ಏನು ಮಾಡಿದರೂ ಇದು ನಿನ್ನದೇ’ ಎನ್ನುವ ಹಣ ಇನ್ನೊಂದು ಬಗೆಯದು. ಮೊತ್ತ ಒಂದೇ ಇದ್ದರೂ ಎರಡೂ ಮನುಷ್ಯನಿಂದ ಬೇರೆ ಬೇರೆ ಕೆಲಸ ಮಾಡಿಸುತ್ತವೆ.

ನಾಲೆ ಬಯಲಿನ ಆ ಮನೆಯ ಮೊಮ್ಮಗಳು ಬಿ.ಎಸ್‌ಸಿ. ಮುಗಿಸಿದ್ದಾಳೆಂದುಕೊಳ್ಳಬಹುದು. ಮಾನಸಗಂಗೋತ್ರಿಯಲ್ಲಿ ಎಂ.ಎಸ್‌ಸಿ. ಸೀಟು ಸಿಕ್ಕಿದೆ. ಸೇರಿದರೆ ಯುವನಿಧಿ ಇಲ್ಲ; ಸೇರದೆ ಮನೆಯಲ್ಲಿ ಕೂತರೆ ಆರು ತಿಂಗಳ ನಂತರ ತಿಂಗಳಿಗೆ ಮೂರು ಸಾವಿರ, ಎರಡು ವರ್ಷಕ್ಕೆ 72 ಸಾವಿರ. ತಮ್ಮನ ಪಿಯುಸಿ ಇನ್ನೂ ಮುಗಿದಿಲ್ಲ, ಅಪ್ಪನಿಗೆ ಆ ತಿಂಗಳು ಗುತ್ತಿಗೆದಾರ ಕರೆದದ್ದು ಹದಿನೈದು ದಿನ. ‘ಓದ್ಕೊಳ್ಲಿ ಬುಡು, ಆ ದುಡ್ಡು ಎಷ್ಟ್ ದಿನ ಬಂದಾತು’ ಎನ್ನುತ್ತಾಳೆ ಅಜ್ಜಿ. ಪ್ರವೇಶ ಶುಲ್ಕ ಕಟ್ಟಲು ಇನ್ನು ನಾಲ್ಕು ದಿನ. ಅಜ್ಜಿಯ ಪಾಸ್‌ಬುಕ್ಕು ಹಿಡಿದುಕೊಂಡು ಮೊಮ್ಮಗಳು ಬ್ಯಾಂಕಿಗೆ ಹೊರಡುತ್ತಾಳೆ. ಬಸ್ಸಿಗೆ ಕಾಸು ಬೇಕಿಲ್ಲ. ಎಂಟ್ರಿ ಹಾಕಿಸಿ ನೋಡಿದರೆ ಕೊನೆಯ ಕಂತು ಬಂದು ಮೂರು ತಿಂಗಳಾಗಿದೆ.